ವೈರ್ ಆರಿಸೋದು ಟರ್ಮಿನಲ್ ಕಡೆಯಿಂದ

ತ್ಯಾಗರಾಜನಗರದಲ್ಲಿರುವ ನಮ್ಮ ಭಾವನ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಹಾಡು ಕೇಳೋದು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ. ಮೇಲ್ ನೋಡುವ ಹಾಗಿಲ್ಲ, ಬ್ರೌಸರ್ ಅಂತೂ ಹಾಕೇ ಇಲ್ಲ. ಫ್ಯಾನ್ ಸದ್ದು ಬೇಡ ಅಂತ ಫ್ಯಾನೇ ಇಲ್ಲದ ಪವರ್ ಸಪ್ಲೈ. ಪ್ರೊಸೆಸರಿನ ಬಿಸಿ ಹೊರಗೆ ಹೋಗೋದು ಕ್ಯಾಬಿನೆಟ್ಟಿನ ದಪ್ಪ ಅಲ್ಯುಮಿನಿಯಂ ಗೋಡೆಯ ಮೂಲಕ. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಮೇಲೆ ಭಾವನಿಗೆ ಹಿಡಿದ ಹುಚ್ಚು ಇದು. ಅಕ್ಕ ಇದನ್ನು "ನಿಮ್ಮ ಭಾವನ ಎರಡನೇ ಸಂಸಾರ" ಅನ್ನುತ್ತಾಳೆ.

ಒಂದು ದಿನ ಭಾವ ಫೋನ್ ಮಾಡಿ, "ಒಳಗಿನ ಪವರ್ ಕೇಬಲ್ ಎಲ್ಲ ಬದಲಾಯಿಸೋಣ ಕಣೋ. ಯಾವ ವೈರ್ ತಗೊಳ್ಳೋದು ಹೇಳು" ಅಂದರು. ಒಳಗಿನ ವೈರ್ ಬದಲಾಯಿಸಿದರೆ ಹಾಡಿನ ಸದ್ದು ಸುಧಾರಿಸುತ್ತದೆ ಅನ್ನೋದು ಈ ಹವ್ಯಾಸದವರ ನಂಬಿಕೆ. ಫೋನ್ ಇಟ್ಟ ಮೇಲೆ ವಾಟ್ಸಾಪಿನಲ್ಲಿ ಪಟ್ಟಿ ಬಂತು. ಓಸಿಸಿ ತಾಮ್ರ, ಬೆಳ್ಳಿ ಲೇಪದ ತಾಮ್ರ, ಶುದ್ಧ ಬೆಳ್ಳಿ, ಬೆಳ್ಳಿಗೆ ನೂರಕ್ಕೆ ಒಂದು ಪಾಲು ಚಿನ್ನ ಬೆರೆಸಿದ ಜರ್ಮನಿಯ ಮುಂಡಾರ್ಫ್ ತಂತಿ. ಹತ್ತಿ ನೂಲು ಸುತ್ತಿದ್ದೂ ಇತ್ತು. ಒಂದೊಂದರ ಮುಂದೆ ಮೀಟರಿಗೆ ಎಷ್ಟು ಅಂತ ರೇಟು. ಓದುತ್ತಾ ಹೋದ ಹಾಗೆ ಒಂದು ವಿಷಯ ಕೊರೆಯತೊಡಗಿತು. ಪಟ್ಟಿಯಲ್ಲೆಲ್ಲಾ ಲೋಹದ ಮಾತೇ. ಈ ವೈರಿನ ತುದಿಗೆ ಏನು ಬರುತ್ತದೆ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ಆಮೇಲೆ ಈ ಹವ್ಯಾಸದ ಬೇರೆಯವರ ಜೊತೆ ಮಾತಾಡಿದಾಗಲೂ ಹಾಗೇ ಆಯಿತು. ತಾಮ್ರದ ಹರಳು, ಶುದ್ಧತೆ, ಬೆಳ್ಳಿಯ ಬಣ್ಣ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಕ್ರಿಂಪ್ (ವೈರಿನ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸೋದು) ಅಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತದೆ.

ಲೋಹದ ಲೆಕ್ಕ

ಬೆಳ್ಳಿಯಲ್ಲಿ ತಾಮ್ರಕ್ಕಿಂತ ಸಲೀಸಾಗಿ ಕರೆಂಟ್ ಹರಿಯುತ್ತದೆ ಅನ್ನೋದು ನಿಜ. ಎಷ್ಟು ಸಲೀಸು ಅಂದರೆ, ನೂರಕ್ಕೆ ಸುಮಾರು 6ರಷ್ಟು. ಅಷ್ಟೇ. ಶುದ್ಧತೆಯ ಕತೆಯೂ ಹೆಚ್ಚುಕಮ್ಮಿ ಇದೇ. ತಾಮ್ರದ ವಾಹಕತೆಗೆ 1913ರಲ್ಲಿ ಒಂದು ಅಂತರರಾಷ್ಟ್ರೀಯ ಅಳತೆ ಗೊತ್ತು ಮಾಡಿದರು. ಅದನ್ನು 100 ಅಂತ ಇಟ್ಟುಕೊಂಡರೆ, ಇವತ್ತಿನ ಮಾಮೂಲಿ ಒಳ್ಳೇ ವೈರಿನ ತಾಮ್ರವೇ 100ರ ಆಸುಪಾಸಿನಲ್ಲಿರುತ್ತದೆ. ಆಕ್ಸಿಜನ್ ತೆಗೆದ ತಾಮ್ರ 101. ಇನ್ನು "7ಎನ್" ಅಂತ ಮಾರುವ, 99.99999 ಶುದ್ಧ ಅನ್ನುವ ತಾಮ್ರ ತಂದರೂ ನಮ್ಮ ಕೋಣೆಯಲ್ಲಿ ಅದರಿಂದ ಸಿಗುವ ಲಾಭ ಬಹಳ ಸಣ್ಣದು. ಅತಿ ಶುದ್ಧ ಲೋಹದ ಗುಣ ಎದ್ದು ಕಾಣೋದು ದ್ರವ ಹೀಲಿಯಂನಂಥ ಚಳಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು.

ಓಸಿಸಿ ಅಂತ ಎಲ್ಲರೂ ಹೇಳುವ ತಾಮ್ರಕ್ಕೆ ಒಂದು ಒಳ್ಳೇ ಇತಿಹಾಸ ಇದೆ. ಜಪಾನಿನ ಚಿಬಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರೊಫೆಸರ್ ಅತ್ಸುಮಿ ಓನೊ ರೂಪಿಸಿದ ಎರಕದ ವಿಧಾನ ಅದು, ಓನೊ ಕಂಟಿನ್ಯುಯಸ್ ಕಾಸ್ಟಿಂಗ್. ಅಚ್ಚನ್ನು ಬಿಸಿಯಾಗಿಯೇ ಇಟ್ಟು ಲೋಹವನ್ನು ಹೊರಗಡೆ ಗಟ್ಟಿ ಮಾಡುತ್ತಾರೆ. ಹಾಗೆ ಮಾಡಿದಾಗ ಹರಳುಗಳು ಉದ್ದುದ್ದಕ್ಕೆ ಬೆಳೆಯುತ್ತವೆ, ಅವುಗಳ ನಡುವಿನ ಗಡಿಗಳು ಕಡಿಮೆಯಾಗುತ್ತವೆ. ಫುರುಕಾವಾ ಎಲೆಕ್ಟ್ರಿಕ್ ಕಂಪನಿ ಇದನ್ನು ಆಡಿಯೋ ವೈರಾಗಿ ಜನಪ್ರಿಯ ಮಾಡಿತು, 2013ರಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಬೇರೆಯವರು ಇದೇ ವಿಧಾನದ ವೈರ್ ಮಾಡುತ್ತಾರೆ. ಕೆಲಸ ಅಚ್ಚುಕಟ್ಟಾದದ್ದೇ, ಅದರಲ್ಲಿ ಅನುಮಾನ ಇಲ್ಲ. ನನ್ನ ತಕರಾರು ಇಷ್ಟೇ: ಈ ತಾಮ್ರವನ್ನು ನಾವು ಕಂಪ್ಯೂಟರಿನ ಒಳಗೆ ಎಲ್ಲಿ ಹಾಕುತ್ತಿದ್ದೇವೆ?

ಲೆಕ್ಕ ಹಾಕೋಣ. ಪ್ರೊಸೆಸರಿಗೆ ಹೋಗುವ 8 ಪಿನ್ ಕೇಬಲ್ ತಗೊಳ್ಳಿ. ಅದರಲ್ಲಿ ನಾಲ್ಕು ವೈರ್ 12 ವೋಲ್ಟಿನದು, ನಾಲ್ಕು ಗ್ರೌಂಡ್. ಪ್ರೊಸೆಸರ್ 65 ವ್ಯಾಟ್ ಎಳೆದರೆ ಒಟ್ಟು 5.4 ಆಂಪಿಯರ್, ವೈರಿಗೆ 1.35. ಸಾಮಾನ್ಯವಾಗಿ ಬರುವ 18 ಗೇಜ್ (ಅಮೆರಿಕದ ಅಳತೆ, ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ) ತಾಮ್ರದ ವೈರ್ ಅರ್ಧ ಮೀಟರಿಗೆ ಸುಮಾರು 10.5 ಮಿಲಿಓಮ್. ಹೋಗುವಾಗ 14 ಮಿಲಿವೋಲ್ಟ್, ಬರುವಾಗ 14, ಒಟ್ಟು 28 ಮಿಲಿವೋಲ್ಟ್ ಕಳೆದುಹೋಗುತ್ತದೆ. ಅದೇ ದಪ್ಪದ ಶುದ್ಧ ಬೆಳ್ಳಿ ಹಾಕಿದರೆ ಉಳಿಯೋದು 2 ಮಿಲಿವೋಲ್ಟೂ ಇಲ್ಲ. ತಾಮ್ರವೇ ಇರಲಿ ಅಂತ 16 ಗೇಜ್ ಹಾಕಿದರೆ 10 ಮಿಲಿವೋಲ್ಟ್ ಉಳಿಯುತ್ತದೆ. ದುಡ್ಡೇ ಖರ್ಚು ಮಾಡದೆ ಕೇಬಲ್ಲನ್ನು ಅರ್ಧಕ್ಕೆ ಕತ್ತರಿಸಿದರೆ 14 ಉಳಿಯುತ್ತದೆ. ಅಂದರೆ ಉದ್ದ ಮೊದಲು, ದಪ್ಪ ಆಮೇಲೆ, ಲೋಹ ಕೊನೆಗೆ. ಕಂಪ್ಯೂಟರ್ ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ನೂರಕ್ಕೆ 5ರಷ್ಟು, ಅಂದರೆ 600 ಮಿಲಿವೋಲ್ಟ್, ಆಚೀಚೆ ಆದರೂ ನಡೆಯುತ್ತದೆ ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ವಿಷಯ. ಆ 12 ವೋಲ್ಟ್ ನೇರವಾಗಿ ಪ್ರೊಸೆಸರಿಗೆ ಹೋಗೋದೇ ಇಲ್ಲ. ಬೋರ್ಡಿನ ಮೇಲೆ ಅದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಮಾಡಿ 1 ವೋಲ್ಟಿನ ಸುತ್ತಮುತ್ತಕ್ಕೆ ಇಳಿಸುತ್ತಾರೆ. ಚಿನ್ನ ಬೆರೆಸಿದ ಬೆಳ್ಳಿಯಲ್ಲಿ ಬಂದ ಕರೆಂಟೂ ಅಲ್ಲಿ ಇದೇ ಕೊಚ್ಚುವ ಮಿಷನ್ನಿಗೆ ಬೀಳಬೇಕು. ಸ್ಕಿನ್ ಎಫೆಕ್ಟ್ (ಬಹಳ ವೇಗವಾಗಿ ಏರಿಳಿಯುವ ಕರೆಂಟ್ ವೈರಿನ ಹೊರಮೈಯಲ್ಲೇ ಹರಿಯೋದು) ಅಂತ ಹೇಳಿ ಎಳೆಗೆಳೆಗೂ ವಾರ್ನಿಷ್ ಬಳಿದ ಲಿಟ್ಜ್ ವೈರ್ ಮಾರುವವರೂ ಇದ್ದಾರೆ. ಇದು ಡಿಸಿ ಕೇಬಲ್. ಕ್ಷಣಕ್ಷಣಕ್ಕೂ ಏರಿಳಿಯುವ ಕರೆಂಟಿನ ಬಹುಪಾಲನ್ನು ಬೋರ್ಡಿನ ಕೆಪಾಸಿಟರ್‌ಗಳೇ ಕೊಡುತ್ತವೆ. ಲಿಟ್ಜ್ ಹಾಕಿದರೆ ಸಿಗೋದು ವಾರ್ನಿಷ್ ಕೆರೆಯುವ ಕೆಲಸ ಮಾತ್ರ.

ಎಸ್‌ಪಿ ರೋಡಿನಲ್ಲಿ ಒಂದು ಮಧ್ಯಾಹ್ನ

ಇಷ್ಟು ಹೇಳಿದರೂ ಭಾವ ಒಪ್ಪಲಿಲ್ಲ. "ಲೆಕ್ಕ ಬಿಡು, ಕಣ್ಣಾರೆ ನೋಡೋಣ" ಅಂದರು. ಟೌನ್‌ಹಾಲ್ ಹತ್ತಿರ ಆಟೋ ಇಳಿದು ಎಸ್‌ಪಿ ರೋಡಿಗೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ, ನಡೆದೆವು. ಅಲ್ಲಿ ಗೇಜ್ ಅಂದರೆ ಯಾರೂ ತಲೆಯೆತ್ತಲ್ಲ. ಮನೆ ವೈರಿಂಗಿನವರು "ಒಂದು ಸ್ಕ್ವೇರ್, ಒಂದೂವರೆ ಸ್ಕ್ವೇರ್" ಅನ್ನುತ್ತಾರೆ, ಅಂದರೆ ಚದರ ಮಿಲಿಮೀಟರ್. ಎಲೆಕ್ಟ್ರಾನಿಕ್ಸಿನವರು ಎಳೆ ಲೆಕ್ಕದಲ್ಲಿ ಮಾತಾಡುತ್ತಾರೆ.

"ಯಾವುದ್ ಬೇಕು ಸಾರ್? 14/36, 23/36, 40/36?"

ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ದಪ್ಪ, ಹಳೇ ಬ್ರಿಟಿಷ್ ಗೇಜಿನಲ್ಲಿ. 36 ಅಂದರೆ 0.19 ಮಿಲಿಮೀಟರ್. 23/36 ವೈರ್ ಲೆಕ್ಕ ಹಾಕಿದರೆ ಸುಮಾರು 0.67 ಚದರ ಮಿಲಿಮೀಟರ್. ನಮಗೆ ಬೇಕಾದ 18 ಗೇಜ್ 0.82. ಹಾಗಾಗಿ 23/36 ಸ್ವಲ್ಪ ಸಣ್ಣ, 40/36 ದಪ್ಪ. ನಡುವೆ ಬರೋದು ಮನೆ ವೈರಿಂಗಿನ 0.75 ಸ್ಕ್ವೇರ್. ಅದು ಫಿನೊಲೆಕ್ಸ್, ಪಾಲಿಕ್ಯಾಬ್ ಅಂತ ಯಾವ ಅಂಗಡಿಯಲ್ಲೂ 90 ಮೀಟರಿನ ಕಾಯಿಲ್ ಸಿಗುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಬಹುದಾ ಅಂದರೆ ಧಾರಾಳವಾಗಿ ಹಾಕಬಹುದು. ಬಗ್ಗಿಸೋಕೆ ಸ್ವಲ್ಪ ಒರಟು, ಅಷ್ಟೇ.

ಭಾವ ಬೆಳ್ಳಗೆ ಹೊಳೆಯುವ ಒಂದು ವೈರ್ ಕೈಗೆತ್ತಿಕೊಂಡು, "ಇದು ಬೆಳ್ಳಿ ಲೇಪದ್ದಾ?" ಅಂತ ಕೇಳಿದರು. ಅಂಗಡಿಯವನು ಒಂದು ಕ್ಷಣ ನಮ್ಮಿಬ್ಬರ ಮುಖ ನೋಡಿದ. ಏನೂ ಹೇಳದೆ ಬ್ಲೇಡಿನಿಂದ ಎಳೆಗಳನ್ನು ಕೆರೆದ. ಒಳಗೆ ಕೆಂಪು ಕಂಡಿತು. "ತವರ ಸಾರ್. ಒಳಗೆ ತಾಮ್ರ." ಪಕ್ಕದಲ್ಲಿದ್ದ ಅಗ್ಗದ ವೈರ್ ತೆಗೆದ. ಅದು ಹೊರಗೆ ಕೆಂಪು. ಕೆರೆದರೆ ಒಳಗೆ ಬಿಳಿ. ಲೈಟರ್ ಹಚ್ಚಿ ಎಳೆಗಳ ತುದಿಗೆ ಹಿಡಿದ. ತುದಿ ಕರಗಿ ಮುದುರಿಕೊಂಡಿತು. "ಇದು ಅಲ್ಯುಮಿನಿಯಂ. ಮೇಲೆ ತಾಮ್ರದ ಬಣ್ಣ." ಬಣ್ಣ ಅಲ್ಲ, ನಿಜವಾದ ತಾಮ್ರದ ಹೊದಿಕೆಯೇ, ಆದರೆ ಅವನು ಹೇಳಿದ್ದರ ತಾತ್ಪರ್ಯ ಸರಿ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ತಾಮ್ರಕ್ಕೆ 1085 ಬೇಕು. ಇಂಥ ವೈರಿನ ವಾಹಕತೆ ತಾಮ್ರದ ಮೂರನೇ ಎರಡು ಪಾಲಿನ ಆಸುಪಾಸು. ಕ್ರಿಂಪ್ ಮಾಡಿದ ಜಾಗದಲ್ಲಿ ಅಲ್ಯುಮಿನಿಯಂ ಒತ್ತಡಕ್ಕೆ ನಿಧಾನಕ್ಕೆ ಜರುಗಿ ಸಡಿಲ ಬೇರೆ ಆಗುತ್ತದೆ. ಬೆಳ್ಳಿಯೋ ತಾಮ್ರವೋ ಅಂತ ವಾದ ಮಾಡುವ ಮೊದಲು ತಾಮ್ರವೋ ಅಲ್ಲವೋ ಅಂತ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಬೇಕಾಗೋದು ಒಂದು ಬ್ಲೇಡು.

ಟೆಫ್ಲಾನ್ ವೈರ್ ಕೇಳಿದ್ದಕ್ಕೆ ಒಳಗಿನಿಂದ ತಂದುಕೊಟ್ಟ. ಬಿಇಎಲ್, ಹೆಚ್‌ಎಎಲ್, ಐಟಿಐ ಬೆಳೆದ ಊರಿನಲ್ಲಿ ಟೆಫ್ಲಾನ್ ವೈರ್ ಅಂದರೆ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ಳಿ ಲೇಪದ ತಾಮ್ರ, ಮೇಲೆ ತೆಳ್ಳನೆಯ ಟೆಫ್ಲಾನ್. 200 ಡಿಗ್ರಿ ಬಿಸಿ ತಡೆಯುತ್ತದೆ. ಆಡಿಯೋ ಮಂದಿಗೆ ಇದು ಇಷ್ಟ ಆಗೋದು ಬೇರೆ ಕಾರಣಕ್ಕೆ. ಹೊದಿಕೆ ತನ್ನೊಳಗೆ ಎಷ್ಟು ಚಾರ್ಜ್ ಹಿಡಿದಿಡುತ್ತದೆ ಅನ್ನೋದರ ಅಳತೆಯಾದ ಇದರ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 2.1, ಪಿವಿಸಿಯದ್ದು 3ಕ್ಕೂ ಜಾಸ್ತಿ. ಸಿಗ್ನಲ್ ಕೇಬಲ್ಲಿನಲ್ಲಿ ಅದಕ್ಕೆ ಬೆಲೆ ಇದೆ. 12 ವೋಲ್ಟ್ ಡಿಸಿ ಹರಿಯುವ ವೈರಿನಲ್ಲಿ, ಆ ಕಡೆ ಈ ಕಡೆ ದೊಡ್ಡ ದೊಡ್ಡ ಕೆಪಾಸಿಟರ್ ಕೂತಿರುವಾಗ, ವೈರಿನ ಒಂದಿಷ್ಟು ಪಿಕೋಫ್ಯಾರಡ್ ಯಾವ ಮೂಲೆಗೆ? ಭಾವನಿಗೆ ಮಾತ್ರ ಅದರ ಹೊಳಪು ಹಿಡಿಸಿತು, ಸುತ್ತಿಸಿಕೊಂಡರು.

ತುದಿಯಲ್ಲಿ ಏನಿದೆ

ಮದರ್‌ಬೋರ್ಡಿನ 24 ಪಿನ್ನು, 8 ಪಿನ್ನು ಎಲ್ಲ ಮೋಲೆಕ್ಸ್ ಕಂಪನಿಯ ಮಿನಿಫಿಟ್ ಜೂನಿಯರ್ ಕನೆಕ್ಟರಿನ ಜಾತಿಯವು. ಪಿನ್ನಿಂದ ಪಿನ್ನಿಗೆ 4.2 ಮಿಲಿಮೀಟರ್. ಇದರ ಮಾಮೂಲಿ ಟರ್ಮಿನಲ್ ಹಿಡಿಯೋದು 18ರಿಂದ 24 ಗೇಜ್ ವೈರನ್ನು, ಹೊರಗಿನ ಹೊದಿಕೆ ಸೇರಿ 3.1 ಮಿಲಿಮೀಟರ್ ದಾಟಬಾರದು. 16 ಗೇಜಿಗೆ ಬೇರೆ ಟರ್ಮಿನಲ್ ಬೇಕು. ಇದು ಗೊತ್ತಿಲ್ಲದೆ ವೈರ್ ಕೊಳ್ಳೋದು ಪಾದ ಅಳೆಯದೆ ಚಪ್ಪಲಿ ತಂದ ಹಾಗೆ. ಹತ್ತಿ ನೂಲು ಸುತ್ತಿದ ದಪ್ಪ ವೈರುಗಳು ಹೌಸಿಂಗಿನ, ಅಂದರೆ ಟರ್ಮಿನಲ್ಲುಗಳು ಕೂರುವ ಪ್ಲಾಸ್ಟಿಕ್ ಗೂಡಿನ, ತೂತಿಗೆ ಹೋಗೋದೇ ಇಲ್ಲ. ಆಗ ಜನ ಹೊದಿಕೆ ಹೆರೆಯುತ್ತಾರೆ, ಎಳೆ ಕತ್ತರಿಸುತ್ತಾರೆ. ದುಡ್ಡು ಕೊಟ್ಟು ತಂದ ದಪ್ಪ ತುದಿಯಲ್ಲಿ ಸಣ್ಣದಾಗಿಬಿಡುತ್ತದೆ.

ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆ. ಮುಂದಿನ ಜೊತೆ ಬರಿ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೊತೆ ಹೊದಿಕೆಯನ್ನು. ಇನ್ನೊಂದು ಅಂಕಿ ನೋಡಿ. ಈ ಕನೆಕ್ಟರಿನ ಒಂದು ಪಿನ್ ಕೂಡಿದ ಜಾಗದಲ್ಲಿ ಪ್ರತಿರೋಧ 10 ಮಿಲಿಓಮ್ ತನಕ ಇದ್ದರೂ ಸರಿ ಅಂತ ತಯಾರಕರೇ ಹೇಳುತ್ತಾರೆ. 10 ಮಿಲಿಓಮ್! ಅದು ಅರ್ಧ ಮೀಟರ್ ವೈರಿನಷ್ಟು. ಮಾಡ್ಯುಲರ್ ಸಪ್ಲೈ, ಅಂದರೆ ಕೇಬಲ್ ಕಳಚಿ ಹಾಕಬಹುದಾದದ್ದು, ಆದರೆ ಎರಡೂ ತುದಿಯಲ್ಲಿ ಕನೆಕ್ಟರ್. ಚೆನ್ನಾಗಿ ಮಾಡಿದ್ದರೆ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ನಿಜ. ಆದರೆ ಬೆಳ್ಳಿ ಹಾಕಿ ನಾವು ಉಳಿಸಿದ್ದು ಅರ್ಧ ಮೀಟರಿಗೆ 0.6 ಮಿಲಿಓಮ್. ಒಂದು ಕ್ರಿಂಪ್ ಸ್ವಲ್ಪ ಸಡಿಲ ಬಿದ್ದರೆ ಅದು ಪೂರ್ತಿ ನೀರುಪಾಲು.

ಇದನ್ನು ಭಾವನ ಮನೆಯಲ್ಲೇ ನೋಡಿದೆವು. ಅವರು ನನಗೆ ಫೋನ್ ಮಾಡುವ ಮೊದಲೇ ಪ್ರೊಸೆಸರಿನ 8 ಪಿನ್ ಕೇಬಲ್ ಒಂದನ್ನು ಬೆಳ್ಳಿ ವೈರಿನಲ್ಲಿ ಯಾರಿಂದಲೋ ಮಾಡಿಸಿ ತರಿಸಿದ್ದರು. ನೋಡೋಕೆ ಆಭರಣವೇ. ಕಪ್ಪು ಬಲೆ ಹೊದಿಕೆ, ತುದಿಗೆ ಚಿನ್ನದ ಬಣ್ಣದ ಹೀಟ್‌ಶ್ರಿಂಕ್. ಡಿಸಿ ಕ್ಲ್ಯಾಂಪ್ ಮೀಟರ್ ತಂದು, ಪ್ರೊಸೆಸರಿಗೆ ಬೇಕಂತಲೇ ಭಾರ ಕೊಟ್ಟು, 12 ವೋಲ್ಟಿನ ಒಂದೊಂದೇ ವೈರಿಗೆ ಹಾಕಿ ನೋಡಿದೆ. ಮೂರು ವೈರಿನಲ್ಲಿ ಒಂದೂವರೆ ಆಂಪಿಯರ್ ದಾಟುತ್ತಿತ್ತು. ನಾಲ್ಕನೆಯದರಲ್ಲಿ ಮೀಟರ್ ಕದಲಲೇ ಇಲ್ಲ ಅನ್ನಬಹುದು. ಭಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಮೀಟರ್ ಸರಿ ಇದ್ಯೇನೋ?" ಮತ್ತೆ ಹಾಕಿದರೂ ಅಷ್ಟೇ. ಪವರ್ ಆಫ್ ಮಾಡಿ ಪಿನ್ ತೆಗೆಯುವ ಸಾಧನದಿಂದ ಆ ಟರ್ಮಿನಲ್ ಹೊರಗೆಳೆದೆ. ಮುಂದಿನ ರೆಕ್ಕೆಗಳು ಲೋಹ ಹಿಡಿಯುವ ಜಾಗದಲ್ಲಿ ಟೆಫ್ಲಾನನ್ನು ಅಪ್ಪಿಕೊಂಡಿದ್ದವು. ಹೊದಿಕೆಯನ್ನು ಮಿಲಿಮೀಟರಿನಷ್ಟು ಕಡಿಮೆ ಸುಲಿದಿದ್ದಾರೆ. ಒಂದೆರಡು ಎಳೆ ಮಾತ್ರ ಲೋಹಕ್ಕೆ ತಾಗುತ್ತಿದ್ದವು. ಟೆಫ್ಲಾನ್ ನುಣುಪು, ಒತ್ತಿದರೆ ಜಾರುತ್ತದೆ. ಹಾಗಾಗಿ ಎಳೆದರೆ ವೈರ್ ಕೈಗೇ ಬಂತು.

ಭಾವ ಏನೂ ಮಾತಾಡಲಿಲ್ಲ. ಅಕ್ಕ ಕಾಫಿ ತಂದವಳು, "ಎಷ್ಟು ಕೊಟ್ರಿ ಇದಕ್ಕೆ?" ಅಂತ ಕೇಳಿದಳು. ಅದಕ್ಕೂ ಮಾತಾಡಲಿಲ್ಲ.

ಇನ್ನು ಎರಡು ಮಾತು ಈ ತುದಿಯ ಬಗ್ಗೆಯೇ. ಕ್ರಿಂಪ್ ಆದ ಮೇಲೆ ಬೆಸುಗೆ ಹಾಕಬೇಡಿ. ಬೆಸುಗೆ ಎಳೆಗಳ ಒಳಗೆ ಹೀರಿಕೊಂಡು ಹೋಗಿ ವೈರ್ ಅಲ್ಲಿ ಗಟ್ಟಿಯಾಗುತ್ತದೆ, ಬಗ್ಗಿಸಿದಾಗ ಸರಿಯಾಗಿ ಆ ಅಂಚಿನಲ್ಲಿ ಮುರಿಯುತ್ತದೆ. ಎರಡನೆಯದು, ಚಿನ್ನ ಲೇಪದ ಟರ್ಮಿನಲ್. ಚಿನ್ನ ಅಂದರೆ ಮೇಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೋರ್ಡಿನ ಪಿನ್ ಸಾಮಾನ್ಯವಾಗಿ ತವರ ಲೇಪದ್ದು. ತವರಕ್ಕೆ ಚಿನ್ನ ಕೂಡಿಸಿದರೆ, ಬಿಸಿಗೂ ತಣ್ಣಗಿಗೂ ಆಗುವ ಸಣ್ಣ ಅಲುಗಾಟದಲ್ಲಿ ತವರದ ಮೇಲೆ ಆಕ್ಸೈಡ್ ಪುಡಿ ಕೂರುತ್ತದೆ, ಪ್ರತಿರೋಧ ಏರುತ್ತಾ ಹೋಗುತ್ತದೆ. ತವರಕ್ಕೆ ತವರವೇ ಜೋಡಿ. (ಮಾಡ್ಯುಲರ್ ಸಪ್ಲೈ ಕಡೆಯ ಪಿನ್ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಒಂದರ ಕೇಬಲ್ ಇನ್ನೊಂದಕ್ಕೆ ಹಾಕಿದರೆ ಡಿಸ್ಕ್ ಸುಟ್ಟುಹೋಗಬಹುದು. ಇದು ನಿಮಗೆ ಗೊತ್ತೇ ಇರುತ್ತದೆ.)

24 ಪಿನ್ನಿನಲ್ಲಿ ಎಲ್ಲ ವೈರಿಗೂ ಒಂದೇ ಮರ್ಯಾದೆ ಕೊಡಬೇಕಾಗಿಲ್ಲ ಅನ್ನೋದೂ ಇಲ್ಲೇ ಬರುತ್ತದೆ. ಹಸಿರು, ಬೂದು ಬಣ್ಣದವು ಬರೀ ಸೂಚನೆಯ ವೈರುಗಳು, ಸಣ್ಣವಿದ್ದರೂ ನಡೆಯುತ್ತದೆ. 5 ವೋಲ್ಟಿಗೆ ಐದು ಪಿನ್ ಇವೆ. ನೇರಳೆ ಬಣ್ಣದ ಸ್ಟ್ಯಾಂಡ್‌ಬೈ 5 ವೋಲ್ಟಿಗೆ ಮಾತ್ರ ಒಂದೇ ಒಂದು. ಎಷ್ಟೋ ಬೋರ್ಡುಗಳಲ್ಲಿ ಯುಎಸ್‌ಬಿಗೆ ಕರೆಂಟ್ ಇದರಿಂದಲೂ ಹೋಗುತ್ತದೆ. ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಪೆಟ್ಟಿಗೆ) ಕೂರೋದು ಯುಎಸ್‌ಬಿ ಮೇಲೆ ಅಲ್ವಾ? ದಪ್ಪ ವೈರ್ ಹಾಕಲೇಬೇಕು ಅನ್ನಿಸಿದರೆ ಅಲ್ಲಿ ಹಾಕಿ. 13ನೇ ಪಿನ್ನಿನಲ್ಲಿ ಒಂದು ಸಣ್ಣ ವೈರ್ ಜೋಡಿಯಾಗಿ ಬಂದಿದ್ದರೆ ಅದನ್ನು ಅಂದಕ್ಕೋಸ್ಕರ ಬಿಡಬೇಡಿ. ಬೋರ್ಡಿನ ಹತ್ತಿರ 3.3 ವೋಲ್ಟ್ ಎಷ್ಟಿದೆ ಅಂತ ಸಪ್ಲೈಗೆ ತಿಳಿಸೋದು ಅದೇ. ಆಮೇಲೆ 12 ವೋಲ್ಟಿನ ವೈರನ್ನೂ ಅದರ ಗ್ರೌಂಡನ್ನೂ ಒಟ್ಟಿಗೆ ಹೊಸೆಯಿರಿ. ಎರಡರ ನಡುವಿನ ಜಾಗ ಕಮ್ಮಿಯಾದಷ್ಟೂ ಹೊರಗೆ ಹರಡುವ ಕಾಂತಕ್ಷೇತ್ರ ಕಮ್ಮಿ. ಇದಕ್ಕೆ ಖರ್ಚೂ ಇಲ್ಲ.

ಮೈ ಜುಮ್ಮೆನ್ನುವ ಕ್ಯಾಬಿನೆಟ್

ಅವತ್ತು ಕ್ಯಾಬಿನೆಟ್ ಮುಟ್ಟಿದಾಗ ಬೆರಳ ಹಿಂಬದಿಗೆ ಜುಮ್ ಅಂದಿತ್ತು. ಭಾವ, "ಅದು ಯಾವಾಗಲೂ ಹಾಗೇ" ಅಂದರು. ಹಾಗಿರಬಾರದು. ಸಪ್ಲೈಯ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಬಾಡಿಯ ಜೊತೆ ಕೂಡಿರುತ್ತವೆ. ಅರ್ತ್ ಇದ್ದರೆ ಗಲಾಟೆಯೆಲ್ಲ ಅಲ್ಲಿಗೆ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಬಾಡಿ 230 ವೋಲ್ಟಿನ ಅರ್ಧದಲ್ಲಿ ತೇಲುತ್ತದೆ. ಕರೆಂಟ್ ಬಹಳ ಕಡಿಮೆ ಇರೋದರಿಂದ ಬರೀ ಜುಮ್ ಅನ್ನಿಸುತ್ತದೆ. ಆದರೆ ಅದೇ ಕರೆಂಟ್ ಯುಎಸ್‌ಬಿ ಗ್ರೌಂಡಿನ ಮೂಲಕ ಡ್ಯಾಕಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ ದಾರಿ ಹುಡುಕಿಕೊಳ್ಳುತ್ತದೆ. ಸಾಕೆಟ್ ಬಿಚ್ಚಿ ನೋಡಿದರೆ ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇರಲಿಲ್ಲ. ಹಳೇ ಮನೆ, ಯಾವ ಕಾಲದಲ್ಲಿ ಯಾರು ಮಾಡಿದ್ದೋ. ಎಲೆಕ್ಟ್ರಿಷಿಯನ್ ಬಂದು ಮನೆಯ ಮೇನ್ ಬೋರ್ಡಿನಿಂದ ಹೊಸ ಅರ್ತ್ ಎಳೆದ. ಸ್ಪೀಕರಿಗೆ ಕಿವಿ ಹಚ್ಚಿದರೆ ಕೇಳುತ್ತಿದ್ದ ಸಣ್ಣ ಗುಂಯ್ ನಿಂತಿತು. ಇದನ್ನು ಮಾತ್ರ ನಾನೂ ಕೇಳಿದೆ, ಭಾವನೂ ಕೇಳಿದರು, ಅಡುಗೆಮನೆಯಿಂದ ಬಂದ ಅಕ್ಕನೂ ಕೇಳಿದಳು.

ವೈರ್ ಬದಲಾಯಿಸಿದ್ದಕ್ಕೆ ಸದ್ದು ಬದಲಾಯಿತಾ ಅಂತ ನೀವು ಕೇಳಬಹುದು. ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್ ಹಾಕಿಕೊಂಡು ಕೂತು ಕೇಳಿದೆವು. ತಂಬೂರಿ ಈಗ ಬಿಡಿಬಿಡಿಯಾಗಿ ಕೇಳುತ್ತದೆ ಅಂತ ಭಾವ ಹೇಳುತ್ತಾರೆ. ನನಗೆ ಹಾಗೇನೂ ಅನ್ನಿಸಲಿಲ್ಲ. ಅವರ ಕಿವಿ ಸುಳ್ಳು ಅಂತ ನಾನು ಹೇಳಲ್ಲ. ಒಳಗಿನ ಕೇಬಲ್ ಬದಲಾಯಿಸೋಕೆ ಕಂಪ್ಯೂಟರ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಮತ್ತೆ ಜೋಡಿಸಿ, ಬೂಟ್ ಆಗುವಷ್ಟರಲ್ಲಿ ಮೊದಲು ಕೇಳಿದ್ದು ಹೇಗಿತ್ತು ಅನ್ನೋದೇ ಮಸುಕಾಗಿರುತ್ತದೆ. ತದ್ರೂಪಿ ಎರಡು ಮಿಷನ್ ಪಕ್ಕಪಕ್ಕ ಇಟ್ಟು, ಯಾವುದು ಓಡುತ್ತಿದೆ ಅಂತ ಗೊತ್ತಾಗದ ಹಾಗೆ ಕೇಳಿದರೆ ಮಾತ್ರ ಈ ವಾದಕ್ಕೆ ಅರ್ಥ. ಅಷ್ಟು ದುಡ್ಡು ಯಾರ ಹತ್ತಿರ ಇದೆ? 200 ಗಂಟೆ ಓಡಿಸಿದ ಮೇಲೆ ವೈರ್ "ತೆರೆದುಕೊಳ್ಳುತ್ತದೆ" ಅನ್ನುವ ಮಾತಿಗೆ ಮಾತ್ರ ನಾನು ಕಿವಿಗೊಡಲ್ಲ. ಅಷ್ಟು ಹೊತ್ತಿನಲ್ಲಿ ಒಗ್ಗಿಹೋಗೋದು ನಮ್ಮ ಕಿವಿ.

ಕೊನೆಗೆ 24 ಪಿನ್, 8 ಪಿನ್ ಎರಡನ್ನೂ ತವರ ಲೇಪದ 18 ಗೇಜ್ ತಾಮ್ರದಲ್ಲೇ ಮಾಡಿದೆ, ಕ್ಯಾಬಿನೆಟ್ಟಿಗೆ ಎಷ್ಟು ಬೇಕೋ ಅಷ್ಟೇ ಉದ್ದ. ಬೆಳ್ಳಿ ವೈರ್ ಬಿಸಾಕೋಕೆ ಭಾವನಿಗೆ ಮನಸ್ಸಿಲ್ಲ, ನನಗೂ ಇಲ್ಲ. ಅದನ್ನು ಎಸ್‌ಎಸ್‌ಡಿ ಕೇಬಲ್ಲಿಗೆ ಹಾಕೋಣ ಅಂತ ಮಾತಾಯಿತು. ಎರಡೂವರೆ ಇಂಚಿನ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 5 ವೋಲ್ಟ್ ಮಾತ್ರ ಬಳಸುತ್ತವೆ. 12, 3.3 ವೈರುಗಳನ್ನು ಬಿಟ್ಟುಬಿಟ್ಟರೆ ಕೇಬಲ್ ಹಗುರ. ತೊಡಕು ಇರೋದು ಡಿಸ್ಕಿಗೆ ಚುಚ್ಚುವ ಸಾಟಾ ಕನೆಕ್ಟರಿನಲ್ಲಿ. ಅಂಗಡಿಯಲ್ಲಿ ಸಿಗುವವು ಹೆಚ್ಚಿನವು ಒತ್ತಿ ಕೂರಿಸುವ ಜಾತಿ. ಬ್ಲೇಡಿನಂಥ ಸೀಳು ಹೊದಿಕೆಯನ್ನು ಕತ್ತರಿಸಿಕೊಂಡು ಒಳಗಿನ ಲೋಹ ಹಿಡಿಯಬೇಕು. ಅವನ್ನು ಮಾಡಿರೋದು ಪಿವಿಸಿ ವೈರಿನ ದಪ್ಪಕ್ಕೆ, ತೆಳ್ಳಗಿನ ಟೆಫ್ಲಾನ್ ಅದರಲ್ಲಿ ನೆಟ್ಟಗೆ ಕೂರಲ್ಲ. ಇದಕ್ಕೂ ಕ್ರಿಂಪ್ ಟರ್ಮಿನಲ್ ಇರುವ ಸಾಟಾ ಹೌಸಿಂಗ್ ಬರುತ್ತದೆ, ಅದನ್ನೇ ತರಿಸಬೇಕು. ಭಾವ ಈಗ ಕ್ರಿಂಪಿಂಗ್ ಟೂಲ್ ತಗೊಂಡು, ಉಳಿದ 23/36 ತುಂಡುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದಾರೆ. ಒಂದೊಂದು ಕ್ರಿಂಪನ್ನೂ ಎಳೆದು ನೋಡಿ, ಕಿತ್ತು ಬಂದದ್ದನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. ನಿನ್ನೆ ಫೋನ್ ಮಾಡಿದ್ದರು: "ಎಸ್‌ಪಿ ರೋಡಿಗೆ ಹೋದ್ರೆ ಇನ್ನೊಂದು ಪ್ಯಾಕೆಟ್ ಟರ್ಮಿನಲ್ ತಗೊಂಡ್ ಬಾರೋ. ತವರದ್ದೇ ತಾ, ಚಿನ್ನದ್ದು ಬೇಡ."